ತಾತ ಹಿಮಾಲಯದಾಗ ಕಲಿತದ್ದು ಮೊಮ್ಮಗಳಿಗೆ ಬರ್ತೈತಾ? ನಡುವೆ ಮಿಲ್ ನಡೆಸೋ ನನಗ ಅದ್ರಾಗ ಏನೈತಿ?

ಭತ್ತದ ಕಣಜ (ಗಂಗಾವತಿ)

ಎಲ್ಲಾರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಆಗ್ತೈತಿ, ಆದ್ರೂ ಪೂರ್ತಿ ಓದಿ ಹೇಳ್ರಿ.

ನಮ್ಮಪ್ಪಾಜಿ ಮಿಲಿಟರಿಯಾಗ ಇದ್ದವರು. ಎಪ್ಪತ್ತರ ದಶಕದ ಶುರುವಿನಾಗ ಅವರನ್ನ ಡಾರ್ಜಿಲಿಂಗಿನ ಹಿಮಾಲಯನ್ ಮೌಂಟೇನಿಯರಿಂಗ್ ಇನ್‌ಸ್ಟಿಟ್ಯೂಟಿಗೆ ಕೋರ್ಸಿಗೆ ಕಳಿಸಿದ್ರು, ಆವಾಗ ಅಲ್ಲಿ ಫೀಲ್ಡ್ ಟ್ರೇನಿಂಗ್ ನೋಡ್ಕೊಳ್ತಿದ್ದವರು ತೇನ್‌ಸಿಂಗ್ ನೋರ್ಗೆ ಅವರೇ. ಆಮ್ಯಾಲೆ ಲಡಾಖ್ ಕಡೆ ಎತ್ತರದ ಪೋಸ್ಟ್‌ನಾಗ ಡ್ಯೂಟಿ ಮಾಡಿ, ರಿಟೈರ್ ಆಗಿ ಊರಿಗೆ ಬಂದು ರೈಸ್ ಮಿಲ್ ಹಾಕಿದ್ರು. ಈಗ ಮಿಲ್ ನನ್ನ ಕೈಯಾಗ ಐತಿ. ನಾನು ಯಾವ ಬೆಟ್ಟಾನೂ ಹತ್ತಿದವ ಅಲ್ಲ, ಅಂಜನಾದ್ರಿ ಬಿಟ್ರ.

ಅಪ್ಪಾಜಿ ಎಂದೂ ಕುಂದ್ರಿಸಿಕೊಂಡು ಹಿಮಾಲಯದ ಕಥಿ ಹೇಳಿದವರಲ್ಲ. ಎಷ್ಟು ಎತ್ತರ ಹೋಗಿದ್ರಿ ಅಂತ ಕೇಳಿದ್ರೂ ಮಾತು ತೇಲಿಸಿಬಿಡ್ತಾರ. ಆದ್ರ ಅವರು ಮಿಲ್ ನಡೆಸಿದ ರೀತಿ ಮಾತ್ರ ಬ್ಯಾರೆ ಇತ್ತು. ಏನರ ತೀರ್ಮಾನ ಮಾಡೋದಿದ್ರ ಎಲ್ಲಾರನ್ನೂ ಕರೆದು, ಮೊದಲು ಹೊಸದಾಗಿ ಸೇರಿದ ಹುಡುಗನ್ನ ಕೇಳೋರು, ಆಮ್ಯಾಲೆ ಹಮಾಲರನ್ನ, ಕಡೀಗೆ ರೈಟರ್‌ನ, ತಮ್ಮ ಮಾತು ಎಲ್ಲಾರದೂ ಮುಗಿದ ಮ್ಯಾಲೆ. ಒಂದ್ಸಲ ಸೀಜನ್ ಜೋರಿದ್ದಾಗ ರಾತ್ರಿ ಬಾಯ್ಲರ್ ನೋಡ್ಕೊಳ್ಳೋ ಹುಡುಗ ಬಂದು "ಸಾಹುಕಾರ್ರ, ಸೌಂಡ್ ಯಾಕೋ ಬ್ಯಾರೆ ಕೇಳಾಕತ್ತೈತಿ" ಅಂದ. ಗೇಜ್ ನೋಡಿದ್ರ ಪ್ರೆಶರ್ ಸರಿ ಐತಿ. ನೆನೆಹಾಕಿದ ಭತ್ತ ಟ್ಯಾಂಕ್ ತುಂಬಾ, ಸ್ಟೀಮ್ ಕೊಡದಿದ್ರ ವಾಸನಿ ಹೊಡಿತೈತಿ, ಅಕ್ಕಿ ಬಣ್ಣ ಹೋಗ್ತೈತಿ. ಅಪ್ಪಾಜಿ ಒಂದು ಮಾತು ಎದುರು ಆಡಲಿಲ್ಲ, ಬೆಂಕಿ ತೆಗೆಸಿಬಿಟ್ರು. ಮರುದಿನ ಮಿಸ್ತ್ರಿ ಬಂದು ಪೂರ್ತಿ ಬಿಚ್ಚಿ ನೋಡಿ ಏನೂ ಆಗಿಲ್ಲ ಅಂದ. ನಷ್ಟ ಆಗಿದ್ದು ಆಗೇ ಹೋತು. ಅಪ್ಪಾಜಿ ಆ ಹುಡುಗನ್ನ ಕರೆದು "ಇನ್ನೊಂದ್ಸಲ ಅನುಮಾನ ಬಂದ್ರೂ ಹಿಂಗ ಬಂದು ಹೇಳಬೇಕು" ಅಂದು ಚಹಾ ತರಿಸಿಕೊಟ್ರು. ಆವಾಗ ನನಗ ಸಿಟ್ಟು ಬಂದಿತ್ತು, ಖರೇನ ಹೇಳ್ತೀನಿ.

ಈಗ ನನ್ನ ಮಗಳು ಇಂಜಿನಿಯರಿಂಗ್ ಕಡೀ ವರ್ಷ. ಭಾನುವಾರ ಬಂತಂದ್ರ ಕ್ರಾಶ್ ಪ್ಯಾಡ್ (ಬಿದ್ರ ಪೆಟ್ಟಾಗದಂಗ ಬಂಡಿ ಕೆಳಗ ಹಾಸೋ ದಪ್ಪ ಹಾಸಿಗಿ) ಬೆನ್ನಿಗೆ ಹಾಕ್ಕೊಂಡು ಸಾಣಾಪುರ, ಆನೆಗುಂದಿ ಬಂಡಿಗೋಳ ಮ್ಯಾಲೆ ಇರ್ತಾಳ. ಉತ್ತರಕಾಶಿಯಾಗ ಪರ್ವತಾರೋಹಣ ಕಲಿಸೋ ನೆಹರು ಇನ್‌ಸ್ಟಿಟ್ಯೂಟಿನ ಬೇಸಿಕ್ ಕೋರ್ಸಿಗೆ ಹೋಗ್ತೀನಿ ಅಂತ ಕುಂತಾಳ. ತಾತಗ ಒಳಗೊಳಗೇ ಖುಷಿ, ನಮ್ಮ ಮನಿಯವರಿಗೆ ನಿದ್ದಿ ಇಲ್ಲ.

ನನ್ನ ಪ್ರಶ್ನೆ ಏನಂದ್ರ, ಹಿಮಾಲಯದಾಗ ಕಲಿಯೋ ಲೀಡರ್‌ಶಿಪ್ ಅಂತಾರಲ್ಲ, ಅದು ನೆಲದ ಮ್ಯಾಲಿನ ಬದುಕಿಗೆ ನಿಜವಾಗ್ಲೂ ಬರ್ತೈತಾ, ಇಲ್ಲಾ ಸ್ಟೇಜ್ ಮ್ಯಾಲಿನ ಭಾಷಣಕ್ಕಷ್ಟೇನಾ? ಮತ್ತ ಅದು ತಾತನಿಂದ ಮೊಮ್ಮಗಳಿಗೆ ಹೋಗೋ ಅಂಥದ್ದಾ, ಅಥವಾ ಒಬ್ಬೊಬ್ಬರೂ ಹೊಸದಾಗೇ ಕಲೀಬೇಕಾ? ನಮ್ಮ ಬಿಸಿಲಿನಾಗ ಬೆಳೆದ ಹುಡುಗಿ ದೇಹ ಆ ಎತ್ತರ ತಡೀತೈತಾ ಅನ್ನೋದನ್ನೂ ಗೊತ್ತಿದ್ದವರು ಹೇಳ್ರಿ.

ಕೋಟೆ ಗುಡ್ಡ (ಬಳ್ಳಾರಿ)

ಅಣ್ಣಾ, ನಿಮ್ಮಪ್ಪಾಜಿ ಬೆಂಕಿ ತೆಗೆಸಿದ್ರಲ್ಲ, ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಐತೆ ಅನ್ಸುತ್ತೆ ನಂಗೆ. ಏನೂ ಆಗಿರಲಿಲ್ಲ ಅಂತ ಆಮೇಲೆ ಗೊತ್ತಾದ್ರೂ ಆ ಹುಡುಗನ್ನ ಬೈಲಿಲ್ಲ ನೋಡ್ರಿ, ಅದೇ ಪರ್ವತದ ಪಾಠ. ನಾನು ಹುಡುಗ್ರನ್ನ ಟ್ರೆಕ್ಕಿಂಗ್ ಕರ್ಕೊಂಡು ಹೋಗ್ತಿರ್ತೀನಿ, ಅವರಿಗೆ ಯಾವಾಗ್ಲೂ ನಮ್ಮ ದೇಶದ ಎವರೆಸ್ಟ್ ಕಥೆನೇ ಹೇಳ್ತೀನಿ, ಯಾಕಂದ್ರೆ ಎಲ್ಲರಿಗೂ 1965 ಗೊತ್ತು, ಅದಕ್ಕೂ ಮುಂಚಿನದು ಯಾರಿಗೂ ಗೊತ್ತಿಲ್ಲ.

1960ರಲ್ಲಿ ಬ್ರಿಗೇಡಿಯರ್ ಗ್ಯಾನ್ ಸಿಂಗ್ ಲೀಡರ್ ಆಗಿ ಭಾರತದ ಮೊದಲ ಎವರೆಸ್ಟ್ ತಂಡ ಹೋಯ್ತು. ನವಾಂಗ್ ಗೊಂಬು, ಸೋನಮ್ ಗ್ಯಾತ್ಸೊ, ನರೇಂದ್ರ ಕುಮಾರ್ ಮೂವರೂ ಸುಮಾರು 28,300 ಅಡಿ ತನಕ ಹತ್ತಿದ್ರು. ಇನ್ನು 700 ಅಡಿ ಉಳಿದಿತ್ತು, ಹವಾ ಕೆಡ್ತು, ವಾಪಸ್ ಬಂದ್ರು. 1962ರಲ್ಲಿ ಜಾನ್ ಡಯಾಸ್ ಲೀಡರು, ಈ ಸಲ ಸೋನಮ್ ಗ್ಯಾತ್ಸೊ, ಹರಿ ದಾಂಗ್, ಎಂ.ಎಸ್. ಕೊಹ್ಲಿ. ಸುಮಾರು 400 ಅಡಿ ಉಳಿದಾಗ ಮತ್ತೆ ವಾಪಸ್. 400 ಅಡಿ ಅಂದ್ರೆ ನಮ್ಮ ಬಳ್ಳಾರಿ ಕೋಟೆ ಗುಡ್ಡನ ಬೆಳಿಗ್ಗೆ ವಾಕಿಂಗ್‌ಗೆ ಹತ್ತಿಳೀತೀವಲ್ಲ, ಅಂಥದ್ದು, ಆದ್ರೆ ಅಲ್ಲಿ ಅಷ್ಟಕ್ಕೆ ತಾಸುಗಟ್ಲೆ ಬೇಕು, ಹತ್ತಿದ್ರೆ ಇಳಿಯೋಕೆ ಬೆಳಕೂ ಇರಲ್ಲ ಶಕ್ತೀನೂ ಇರಲ್ಲ.

ಹಂಗೆ ವಾಪಸ್ ಬಂದ ಕೊಹ್ಲಿಯವರೇ 1965ರಲ್ಲಿ ಲೀಡರ್. ಮೇ 20ಕ್ಕೆ ಎ.ಎಸ್. ಚೀಮಾ ಮತ್ತು ಗೊಂಬು ತುದಿ ಮುಟ್ಟಿದ್ರು, 22ಕ್ಕೆ ಸೋನಮ್ ಗ್ಯಾತ್ಸೊ, ಸೋನಮ್ ವಾಂಗ್ಯಾಲ್, 24ಕ್ಕೆ ಸಿ.ಪಿ. ವೋಹ್ರಾ, ಆಂಗ್ ಕಾಮಿ, 29ಕ್ಕೆ ಅಹ್ಲುವಾಲಿಯಾ, ರಾವತ್, ಫು ದೋರ್ಜಿ. ಒಟ್ಟು ಒಂಬತ್ತು ಜನ, ಒಂದೇ ತಂಡದಿಂದ ಅಷ್ಟು ಜನ ಹತ್ತಿದ ದಾಖಲೆ 17 ವರ್ಷ ಯಾರೂ ಮುರೀಲಿಲ್ಲ. ಆ ಒಂಬತ್ತರಲ್ಲಿ ಕೊಹ್ಲಿ ಇಲ್ಲ ನೋಡ್ರಿ. ಲೀಡರ್ ಕೆಳಗೆ ಕ್ಯಾಂಪಲ್ಲಿ ಕೂತು ಯಾವ ಜೋಡಿ ಯಾವಾಗ ಹೊರಡಬೇಕು, ಆಕ್ಸಿಜನ್ ಎಲ್ಲಿ ಇಡಬೇಕು, ಹವಾ ಏನು ಅಂತ ನೋಡ್ತಿದ್ದ. 1953ರಲ್ಲೂ ಹಂಗೇ, ಲೀಡರ್ ಜಾನ್ ಹಂಟ್ ತುದಿಗೆ ಹೋಗಲಿಲ್ಲ. ಅಷ್ಟೇ ಅಲ್ಲ, ಅವರು ಮೊದಲು ಕಳಿಸಿದ್ದು ಬೋರ್ಡಿಲನ್ ಮತ್ತು ಇವಾನ್ಸ್‌ನ, ಮೇ 26ಕ್ಕೆ ಅವರಿಬ್ಬರೂ ತುದಿಗಿಂತ ಸ್ವಲ್ಪ ಕೆಳಗಿರೋ ಸೌತ್ ಸಮಿಟ್ ತನಕ ಹೋಗಿ, ಆಕ್ಸಿಜನ್ ತೊಂದರೆ ಆಗಿ ಟೈಮೂ ಮೀರಿ ತಿರುಗಿ ಬಂದ್ರು. ಮೂರು ದಿನ ಆದ್ಮೇಲೆ ತೇನ್‌ಸಿಂಗ್, ಹಿಲರಿ ತುದಿ ಮುಟ್ಟಿದ್ದು ಅವರು ನೋಡಿಬಂದು ಹೇಳಿದ ದಾರೀಲೇ.

ಇದಕ್ಕೆ ಉಲ್ಟಾ ಆಗಿದ್ದು 1996 ಮೇ 10. ದುಡ್ಡು ಕೊಟ್ಟು ಬಂದವರನ್ನ ಎವರೆಸ್ಟ್ ಹತ್ತಿಸೋ ಗೈಡ್ ರಾಬ್ ಹಾಲ್ ಬಹಳ ಅನುಭವಸ್ಥ, ಮಧ್ಯಾಹ್ನ ಎರಡರ ಹೊತ್ತಿಗೆ ಎಲ್ಲಿದ್ರೂ ತಿರುಗಬೇಕು ಅನ್ನೋ ನಿಯಮ ಅವನಿಗೆ ಗೊತ್ತಿಲ್ಲದ್ದೇನಲ್ಲ. ಹಿಂದಿನ ವರ್ಷ ತಾನೇ ತುದಿ ಹತ್ತಿರದಿಂದ ವಾಪಸ್ ಕರ್ಕೊಂಡು ಬಂದಿದ್ದ ಡಗ್ ಹ್ಯಾನ್ಸನ್ ಈ ಸಲನೂ ಬಂದಿದ್ದ, ನಾಲ್ಕು ಗಂಟೆ ಆದ್ರೂ ಹತ್ತೋಕೆ ಬಿಟ್ಟ. ಇಬ್ಬರೂ ವಾಪಸ್ ಬರಲಿಲ್ಲ. ಬಿರುಗಾಳಿಗೆ ಒಟ್ಟು ಎಂಟು ಜನ ಹೋದ್ರು. ಪ್ರೀತಿ ಇದ್ದಲ್ಲೇ "ಬೇಡ" ಅನ್ನೋದು ಕಷ್ಟ ಅಣ್ಣಾ, ಮನೆಯಲ್ಲೂ ಅಷ್ಟೇ ಅಲ್ವಾ. ಮಗಳಿಗೆ ತಾತ ಕಲಿಸಬೇಕಾಗಿರೋದು ಅದೊಂದೇ ಅಂತೀನಿ ನಾನು.

ಬಿಳಿ ಕೋಟು (ರಾಯಚೂರು)

ಅಣ್ಣಾರ, ದೇಹದ ಬಗ್ಗೆ ಕೇಳೀರಲ್ಲ, ನಾನು ಡಾಕ್ಟರ್ ಅದೀನಿ, ಅದಷ್ಟು ಹೇಳ್ತೀನಿ.

ಮ್ಯಾಲೆ ಹೋದಂಗ ಗಾಳಿಯೊಳಗ ಆಕ್ಸಿಜನ್ ಪ್ರಮಾಣ ಕಡಿಮಿ ಆಗ್ತದ ಅಂತ ಭಾಳ ಜನ ತಿಳ್ಕೊಂಡಾರ, ಅದು ಅಲ್ಲಿನೂ ಶೇಕಡಾ 21ರ ಹತ್ರನೇ ಇರ್ತದ. ಕಡಿಮಿ ಆಗೋದು ಗಾಳಿ ಒತ್ತಡ. 5,500 ಮೀಟರಿಗೆ ಸಮುದ್ರಮಟ್ಟದ ಅರ್ಧ, ಎವರೆಸ್ಟ್ ತುದಿಗೆ ಮೂರನೇ ಒಂದು ಭಾಗ. ಒಂದು ಉಸುರಿನಾಗ ಸಿಗೋ ಆಕ್ಸಿಜನ್ ಅಷ್ಟಕ್ಕಷ್ಟೇ. ರಾಯಚೂರು ಇರೋದೇ ಸುಮಾರು 400 ಮೀಟರ್ ಎತ್ತರದಾಗ, ಗಂಗಾವತಿನೂ ಅಂಥದ್ದೇ. ಇಲ್ಲಿ ಬಿಸಿಲು ಉಂಡು ಬೆಳೆದವ್ರಿಗೂ ಬೆಂಗಳೂರಾಗ ಬೆಳೆದವ್ರಿಗೂ ಆ ಎತ್ತರದಾಗ ಏನೂ ಫರಕ್ ಇಲ್ಲ, ದೇಹ ಹೊಂದಿಕೊಳ್ಳಾಕ ಎಲ್ಲಾರಿಗೂ ದಿನ ಬೇಕು. 3,000 ಮೀಟರ್ ದಾಟಿದ ಮ್ಯಾಲೆ ಮಲಗೋ ಜಾಗ ದಿನಕ್ಕ 500 ಮೀಟರಿಗಿಂತ ಜಾಸ್ತಿ ಏರಿಸಬಾರ್ದು, ಮೂರ್ನಾಕು ದಿನಕ್ಕ ಒಂದು ದಿನ ರೆಸ್ಟ್. ಹಗಲು ಇನ್ನಷ್ಟು ಮ್ಯಾಲೆ ಹೋಗಿ ರಾತ್ರಿ ಕೆಳಗ ಬಂದು ಮಲಗಿದ್ರ ಇನ್ನೂ ಚಲೋ.

ಮನೆತನದ ಮಾತು ಬಂತಲ್ಲ, ಇದನ್ನ ಕೇಳ್ರಿ. ಶೆರ್ಪಾ ಮತ್ತ ಟಿಬೆಟ್ ಜನರೊಳಗ ಇಪಿಎಎಸ್1 ಅನ್ನೋ ಜೀನಿನ ಒಂದು ರೂಪ ತಲೆತಲಾಂತರದಿಂದ ಬಂದದ. ನಮ್ಮಂಥವರು ಮ್ಯಾಲೆ ಹೋದ್ರ ಹಿಮೋಗ್ಲೋಬಿನ್ ಏರಿ ರಕ್ತ ದಪ್ಪ ಆಗ್ತದ, ಅವರಿಗೆ ಅಷ್ಟು ಏರಂಗಿಲ್ಲ. ಅದು ಸಾವಿರಾರು ವರ್ಷದ ಆಸ್ತಿ. ನಿಮ್ಮ ಅಪ್ಪಾಜಿ ಲಡಾಖ್‌ನಾಗ ಎಷ್ಟೇ ವರ್ಷ ಇದ್ರೂ ಅವರ ದೇಹ ಕಲಿತದ್ದು ನಿಮ್ಮ ಮಗಳ ದೇಹಕ್ಕ ಬರಂಗಿಲ್ಲ, ಅವರು ಸ್ವತಃ ಈಗ ಹೋದ್ರೂ ಮೊದಲಿಂದ ಶುರು ಮಾಡಬೇಕು. ಹಿಂದಿನ ವರ್ಷ ಏನೂ ಆಗಿಲ್ಲ ಅಂದವ್ರಿಗೆ ಈ ವರ್ಷ ಆಗಬಹುದು, ಭಾಳ ಗಟ್ಟಿ ಇದ್ದವ್ರಿಗೇ ಆಗಬಹುದು.

ಹಂಗಾಗಿ ಆಕಿಗೆ ಒಂದು ಮಾತು ಗಟ್ಟಿಯಾಗಿ ಹೇಳ್ರಿ. ತಲಿನೋವು, ವಾಂತಿ, ಊಟ ಸೇರದಿದ್ದದ್ದು, ಇದನ್ನ ಇನ್‌ಸ್ಟ್ರಕ್ಟರ್ ಮುಂದ ಮುಚ್ಚಿ ಇಡಬಾರ್ದು. ಗ್ರೇಡ್ ಕಡಿಮಿ ಆಗ್ತದ, ಹುಡುಗ್ರು ಏನಂತಾರ ಅಂತ ಮುಚ್ಚಿಟ್ಟವ್ರೇ ಅಪಾಯಕ್ಕ ಹೋಗ್ತಾರ. ಕುಂತಾಗೂ ದಮ್ಮು ಹತ್ತಿದ್ರ, ಕೆಮ್ಮು ಜೋರಾದ್ರ ಶ್ವಾಸಕೋಶದಾಗ ನೀರು ತುಂಬಾಕತ್ತದ ಅಂತ ಅನುಮಾನ ಪಡಬೇಕು. ನಡಿಗಿ ತೂರಾಡಿದ್ರ, ಮಾತು ತೊದಲಿದ್ರ ಮೆದುಳಿಗೆ ಬಾವು ಬಂದದ ಅಂತ. ಎರಡಕ್ಕೂ ಮುಖ್ಯ ಚಿಕಿತ್ಸೆ ತಡ ಮಾಡದ ಕೆಳಗ ಇಳಿಸೋದು, ರಾತ್ರಿ ಇರ್ಲಿ ಮಳಿ ಇರ್ಲಿ. ಎತ್ತರದ ಕಾಯಿಲೆ ತಡೆಯಾಕ ಕೊಡೋ ಡಯಾಮಾಕ್ಸ್ ಗುಳಿಗಿ ಬಗ್ಗೆ ಮೊದಲೇ ಡಾಕ್ಟರನ್ನ ಕೇಳ್ರಿ, ಸಲ್ಫಾ ಅಲರ್ಜಿ ಇದ್ದವ್ರಿಗೆ ಅದು ಆಗಂಗಿಲ್ಲ, ಅಂಗಡಿಯಾಗ ತಾವೇ ತಗೊಂಡು ನುಂಗೋದಲ್ಲ.

ಹೊಸ ಹುಡುಗನ್ನ ಮೊದಲು ಕೇಳೋರು ಅಂದ್ರಲ್ಲ, ಅದು ಓದಿ ನನಗ ಮೈ ಜುಮ್ಮಂತು. ಎತ್ತರದಾಗ ಲೀಡರ್ ಮೊದಲು "ನಾನು ಆರಾಮ ಅದೀನಿ" ಅಂದ್ರ ಸಣ್ಣವ್ರು ಯಾರೂ ತಲಿನೋವು ಅಂತ ಹೇಳಂಗಿಲ್ಲ. ನಿಮ್ಮ ಅಪ್ಪಾಜಿ ಅದನ್ನ ಅಲ್ಲೇ ಕಲಿತಿರಬೇಕು.

ಇನ್ನೊಂದು, ಬೆಟ್ಟದ ಮನೆತನ ಇದ್ರೇ ಆಗೋದು ಅಂತೇನಿಲ್ಲ. ನಮ್ಮ ಗಡಿ ಆಚಿ ತೆಲಂಗಾಣದ ಮಾಲಾವತ್ ಪೂರ್ಣಾ 2014 ಮೇ 25ಕ್ಕೆ ಎವರೆಸ್ಟ್ ಹತ್ತಿದಾಗ ಇನ್ನೂ 13 ವರ್ಷದಾಕಿ, ಅವ್ವ ಅಪ್ಪ ಕೂಲಿ ಮಾಡೋರು, ಸರ್ಕಾರಿ ವಸತಿ ಶಾಲಿ ಹುಡುಗಿ, ಮೊದಲು ಹಗ್ಗ ಹಿಡಿದದ್ದು ಭುವನಗಿರಿ ಬಂಡಿ ಮ್ಯಾಲೆ.

ಗಣಿ ಊರಿನವ (ಹಟ್ಟಿ, ಲಿಂಗಸೂಗೂರು ತಾಲೂಕು)

ನಮ್ಮ ಅಪ್ಪ ಚಿನ್ನದ ಗಣಿಯೊಳಗ ಭೂಮಿ ಕೆಳಗ ಕೆಲಸ ಮಾಡ್ದವ್ರು, ನಾವು ಮ್ಯಾಲಿಂದ ಕೆಳಗ ಹೋಗೋ ಮಂದಿ, ನೀವು ಕೆಳಗಿಂದ ಮ್ಯಾಲೆ ಹೋಗೋ ಮಂದಿ, ಆದ್ರ ನಿಯಮ ಒಂದೇ ಅದ ಅನ್ನಿಸ್ತು ಓದಿ. ಶಿಫ್ಟ್ ಇಳಿಯೋ ಮುಂದ ಟೋಕನ್ ಕೊಟ್ಟು ದೀಪ ತಗೋತಾರ, ಮ್ಯಾಲೆ ಬಂದ ಮ್ಯಾಲೆ ದೀಪ ಕೊಟ್ಟು ಟೋಕನ್ ವಾಪಸ್. ಬೋರ್ಡಿನಾಗ ಒಂದು ಟೋಕನ್ ಕಡಿಮಿ ಇತ್ತಂದ್ರ ಅಪ್ಪ ಮನಿಗೆ ಬರ್ತಿರಲಿಲ್ಲ, ಅವ್ವ ರೊಟ್ಟಿ ಮುಚ್ಚಿಟ್ಟು ಕಾಯಾಕಿ. ಎಷ್ಟು ಅದಿರು ತೆಗೆದ್ರು ಅಂತ ಅಪ್ಪ ಎಂದೂ ಹೇಳಲಿಲ್ಲ, ಎಲ್ಲಾರೂ ಮ್ಯಾಲೆ ಬಂದ್ರಾ ಅನ್ನೋದಷ್ಟೇ ಅವರಿಗೆ ಲೆಕ್ಕ. ನಿಮ್ಮ ಅಪ್ಪಾಜಿ ಎತ್ತರದ ಲೆಕ್ಕ ಹೇಳದಿರೋದು ಅದಕ್ಕೇ ಇರಬೇಕು ಕಾಕಾ.

ಕರಿಹಲಗಿ ಟೀಚರ್ (ಕುಷ್ಟಗಿ)

ಎಲ್ಲಾರೂ ಚಲೋ ಬರದೀರಿ, ಆದ್ರ ನನಗ ಒಂದು ತಕರಾರು ಐತ್ರಿ. ತಾತನಿಂದ ಮೊಮ್ಮಗಳಿಗೆ ಅಂತ ಮಾತಾಡೋವಾಗ ನಾವು ತುದಿ ಹತ್ತಿದವರ ಮನಿ ಅಷ್ಟೇ ನೋಡ್ತೀವಿ, ಹೊತ್ತವರ ಮನಿ ನೋಡೋದಿಲ್ಲ.

ಹೌದು, ಎಡ್ಮಂಡ್ ಹಿಲರಿ 1953ಕ್ಕೆ, ಮಗ ಪೀಟರ್ 1990ಕ್ಕೆ. ಅಮೆರಿಕಾದ ಜಿಮ್ ವಿಟ್ಟಾಕರ್ 1963ಕ್ಕೆ ಗೊಂಬು ಜೋಡಿ ಹತ್ತಿದ್ರ ಅವರ ಮಗ ಲೀಫ್ 2010ಕ್ಕೆ. ಓದಾಕ ಚೆಂದ. ಆದ್ರ ತೇನ್‌ಸಿಂಗ್‌ಗೆ ತಮ್ಮ ಮಕ್ಕಳು ಈ ದಾರಿ ಹಿಡಿಯೋದು ಬ್ಯಾಡಾಗಿತ್ತು. ತಮಗ ಓದು ಬರಹ ಸಿಗಲಿಲ್ಲ, ಮಕ್ಕಳು ಓದಲಿ ಅಂತ ಚಲೋ ಶಾಲಿಗೆ ಹಾಕಿದ್ರು. ಆದ್ರೂ ಮಗ ಜಾಮ್ಲಿಂಗ್ 1996ಕ್ಕೆ ಹೋದ್ರು, ಅಪ್ಪ ತೀರಿ ಹತ್ತು ವರ್ಷ ಆಗಿತ್ತು. ಕೋಟೆ ಗುಡ್ಡದವರು ಹೇಳಿದ ಆ ಬಿರುಗಾಳಿ ಸಾವು ಆದಾಗ ಸಿನಿಮಾ ತೆಗೆಯಾಕ ಹೋಗಿದ್ದ ಅವರ ತಂಡಾನೂ ಅದೇ ಬೆಟ್ಟದ ಮ್ಯಾಲೆ ಇತ್ತು. ಅವರ ಲೀಡರ್ ಡೇವಿಡ್ ಬ್ರೆಶಿಯರ್ಸ್ ಒಂದು ದಿನ ಮೊದಲು ಗಾಳಿ, ಜನಜಂಗುಳಿ ನೋಡಿ ತಂಡನ ಕೆಳಗ ಇಳಿಸಿಬಿಟ್ಟಿದ್ದ. ಸಿಕ್ಕಿಬಿದ್ದವರಿಗೆ ಮ್ಯಾಲೆ ಇಟ್ಟಿದ್ದ ತಮ್ಮ ಆಕ್ಸಿಜನ್ ಸಿಲಿಂಡರ್ ಬಳಸ್ರಿ ಅಂತ ಬಿಟ್ಟುಕೊಟ್ರು, ಅದು ಹೋದ್ರ ತಮ್ಮ ಸಿನಿಮಾ ಕೆಲಸ ಹೋಗಬಹುದು ಅಂತ ಗೊತ್ತಿದ್ದೂ. ಆಮ್ಯಾಲೆ ಮೇ 23ಕ್ಕೆ ಹತ್ತಿದ್ರು.

ಶೆರ್ಪಾ ಮನಿಗೋಳಾಗ ಇದು ತಲೆಮಾರಿನ ಹೆಮ್ಮಿ ಅಷ್ಟೇ ಅಲ್ಲ, ತಲೆಮಾರಿನ ಹೊಟ್ಟಿಪಾಡು. ಕಾಮಿ ರೀಟಾ ಶೆರ್ಪಾ ಎವರೆಸ್ಟ್‌ನ 2025ರ ಹೊತ್ತಿಗೆ 31 ಸಲ ಹತ್ಯಾರ, ಅವರ ಅಪ್ಪನೂ ಗೈಡ್. 2014 ಏಪ್ರಿಲ್ 18ಕ್ಕೆ ಖುಂಬು ಹಿಮದ ಇಳಿಜಾರಿನಾಗ ಹಿಮ ಕುಸಿದು ತೀರಿಕೊಂಡ 16 ಜನನೂ ಬ್ಯಾರೆಯವರ ಸಾಮಾನು, ಹಗ್ಗ, ಏಣಿ ಹೊತ್ತವರು. ಮಕ್ಕಳು ಡಾಕ್ಟರ್ ಆಗಲಿ, ಪೈಲಟ್ ಆಗಲಿ ಅಂತ ಬಯಸೋ ಶೆರ್ಪಾ ಅಪ್ಪಂದಿರು ಭಾಳ ಇದ್ದಾರ, ಅದು ಸೋಲು ಅಲ್ಲ.

ಹಿಲರಿ ಮನೆತನದಾಗ ನನಗ ಹಿಡಿಸೋದು ಬ್ಯಾರೆ. 1961ಕ್ಕೆ ಖುಮ್‌ಜುಂಗ್‌ನಾಗ ಶಾಲಿ ಕಟ್ಟಿದ್ರು, 1966ಕ್ಕೆ ಕುಂಡೆ ಆಸ್ಪತ್ರೆ. 1975ಕ್ಕೆ ಹೆಂಡ್ತಿ ಲೂಯಿಸ್, ಸಣ್ಣ ಮಗಳು ಬೆಲಿಂಡಾ ಕಠ್ಮಂಡು ಹತ್ರ ವಿಮಾನ ಬಿದ್ದು ತೀರಿಕೊಂಡ್ರು, ಫಾಪ್ಲುನಾಗ ಆಸ್ಪತ್ರೆ ಕಟ್ಟಾಕತ್ತಿದ್ದ ಹಿಲರಿ ಹತ್ರ ಹೊಂಟಿದ್ರು. ಅಷ್ಟಾದ ಮ್ಯಾಲೂ ಆ ಕೆಲಸ ನಿಲ್ಲಲಿಲ್ಲ, ಮಗ ಮುಂದುವರಿಸ್ಯಾರ. ಎತ್ತರ ಹತ್ತೋದನ್ನ ಮಗ ಕಲೀಲಿ ಬಿಡ್ಲಿ, ನಮ್ಮನ್ನ ಹೊತ್ತವರ ಋಣ ತೀರಿಸೋದು ಕಲಿತ್ರ ಅದು ಮನೆತನ.

ನಿಮ್ಮ ಮನಿಯವರಿಗೆ ನಿದ್ದಿ ಬರವಲ್ದು ಅಂದ್ರಿ. ಆ ತಾಯಿ ಹೆದರಿಕೆ ದಡ್ಡತನ ಅಂತ ಯಾರೂ ಅನಬ್ಯಾಡ್ರಿ. 2022 ಅಕ್ಟೋಬರ್ 4ಕ್ಕೆ ದ್ರೌಪದಿ ಕಾ ಡಾಂಡಾ ಶಿಖರದಾಗ ಹಿಮ ಕುಸಿದು ಅದೇ ನೆಹರು ಇನ್‌ಸ್ಟಿಟ್ಯೂಟಿನಿಂದ ತರಬೇತಿಗೆ ಹೋದ ಹುಡುಗ್ರು ಹೋದ್ರು, ಇನ್‌ಸ್ಟ್ರಕ್ಟರ್ ಸವಿತಾ ಕಂಸ್ವಾಲ್‌ನೂ ಹೋದ್ಲು, ಅದೇ ವರ್ಷ ಎವರೆಸ್ಟ್, ಮಕಾಲು ಎರಡೂ ಹತ್ತಿದಾಕಿ. ಅವರು ಹೋಗಿದ್ದು ಅಡ್ವಾನ್ಸ್ ಕೋರ್ಸಿನ ಶಿಖರಕ್ಕ, ನಿಮ್ಮ ಮಗಳದು ಬೇಸಿಕ್, ಅದು ಖರೆ. ಆದ್ರೂ ಇದನ್ನ ಮನಿಯವರಿಂದ ಮುಚ್ಚಿಟ್ಟು ಕಳಿಸಬ್ಯಾಡ್ರಿ, ಎಲ್ಲಾ ಗೊತ್ತಿದ್ದು "ಹೂಂ" ಅಂದ್ರನ ಅದು ಒಪ್ಪಿಗಿ.

ಭತ್ತದ ಕಣಜ (ಗಂಗಾವತಿ)

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ರಾತ್ರಿ ಊಟಕ್ಕ ಕುಂತಾಗ ಎಲ್ಲಾನೂ ಓದಿ ಹೇಳಿದೆ. ಟೀಚರಮ್ಮನ ಮಾತಿಗೆ ಅಪ್ಪಾಜಿ ಭಾಳ ಹೊತ್ತು ತಲಿ ಆಡಿಸಿದ್ರು. ಅವರ ಪೋಸ್ಟಿಗೆ ಸೀಮೆಎಣ್ಣಿ ಹೊತ್ತು ತರ್ತಿದ್ದ ಲಡಾಖಿ ಪೋರ್ಟರ್ ಒಬ್ಬರ ಹೆಸರು ಇವತ್ತೇ ಮೊದಲ ಸಲ ನಮ್ಮ ಮುಂದ ಅವರ ಬಾಯಾಗ ಬಂತು. ಆತನಿಲ್ಲದಿದ್ರ ನೀನು ಹುಟ್ಟತಿರಲಿಲ್ಲ ಅಂದ್ರು ನನಗ, ಅಷ್ಟಂದು ಎದ್ದುಹೋದ್ರು. ಉಳಿದಿದ್ದು ಮಗಳು ಕೇಳಿ ತಿಳ್ಕೋತೀನಿ ಅಂದಾಳ, ಆಕಿ ಕೇಳಿದ್ರ ಹೇಳ್ತಾರ.

ನಮ್ಮ ಮನಿಯವರು ದ್ರೌಪದಿ ಕಾ ಡಾಂಡಾ ಸುದ್ದಿ ಪೂರ್ತಿ ಓದಿದ್ರು. ಇನ್ನೂ ಹೂಂ ಅಂದಿಲ್ಲ. ಮಗಳೂ ಒತ್ತಾಯ ಮಾಡವಲ್ಲಳು, ಈ ಸಲ ಆಗದಿದ್ರ ಮುಂದಿನ ಬ್ಯಾಚ್ ಅಂತ ಅಂದಾಳ. ಡಾಕ್ಟರಕ್ಕಾ, ಆಕಿಗೆ ಹಿಮೋಗ್ಲೋಬಿನ್ ಸ್ವಲ್ಪ ಕಡಿಮಿ ಅಂತ ಹಿಂದ ಒಮ್ಮೆ ಹೇಳಿದ್ರು, ಅದು ತೊಂದ್ರೆನಾ? ಮತ್ತ ಇಲ್ಲಿದ್ದುಕೊಂಡೇ ಏನು ತಯಾರಿ ಮಾಡಬೇಕು?

ಬಿಳಿ ಕೋಟು (ರಾಯಚೂರು)

ಹೌದು, ಅದನ್ನ ಮೊದಲು ಸರಿ ಮಾಡ್ಕೋಬೇಕು, ರಕ್ತ ಕಡಿಮಿ ಇದ್ದು ಮ್ಯಾಲೆ ಹೋಗೋದು ಬ್ಯಾಡ. ಈಗ ಟೆಸ್ಟ್ ಮಾಡಸ್ರಿ, ಕಬ್ಬಿಣದ ಅಂಶ ಎಷ್ಟದ ಅಂತ ಫೆರಿಟಿನ್‌ನೂ ನೋಡಸ್ರಿ. ಗುಳಿಗಿ ಶುರು ಮಾಡಿದ್ರೂ ಸರಿಯಾಗಿ ತುಂಬಾಕ ಎರಡ್ಮೂರು ತಿಂಗಳು ಬೇಕು, ಹಂಗಾಗಿ ಮುಂದಿನ ಬ್ಯಾಚ್ ಅನ್ನೋದು ಒಳ್ಳೇ ವಿಚಾರನೇ ಅದ. ಗುಳಿಗಿ ನುಂಗಿದ ಕೂಡಲೇ ಚಹಾ ಕುಡಿಬಾರ್ದು ಅಂತ ಹೇಳ್ರಿ.

ಕೋಟೆ ಗುಡ್ಡ (ಬಳ್ಳಾರಿ)

ತಯಾರಿಗೆ ನಿಮ್ಮೂರಲ್ಲೇ ಎಲ್ಲಾ ಐತೆ ಅಣ್ಣಾ. ಬಂಡೆ ಹತ್ತಿ ಬೆರಳು, ತೋಳು ಗಟ್ಟಿ ಆಗಿರ್ತವೆ, ಆದ್ರೆ ಅಲ್ಲಿ ಬೇಕಾಗಿರೋದು ಕಾಲು ಮತ್ತೆ ಉಸಿರು. ಅಂಜನಾದ್ರಿ 575 ಮೆಟ್ಟಿಲು, ಬಿಸಿಲೇರೋಕೆ ಮುಂಚೆ, ಮೊದಮೊದಲು ಖಾಲಿ ಬೆನ್ನಲ್ಲಿ, ಆಮೇಲೆ ಬ್ಯಾಗಲ್ಲಿ ಐದು ಕೆಜಿ, ನಿಧಾನಕ್ಕೆ ಹದಿನೈದರ ತನಕ. ಇಳಿಯೋವಾಗ ನೀರಿನ ಬಾಟ್ಲಿ ಖಾಲಿ ಮಾಡಿ ಭಾರ ಇಳಿಸ್ಲಿ, ಮೊಣಕಾಲು ಉಳೀತವೆ. ವಾರದಲ್ಲಿ ಎರಡು ದಿನ ಓಟ, ಓಡ್ತಾ ಮಾತಾಡೋಕೆ ಆಗೋ ಅಷ್ಟು ಸ್ಪೀಡ್ ಸಾಕು. ಹೊಸ ಬೂಟು ಅಲ್ಲಿಗೆ ಹೋಗಿ ಹಾಕ್ಕೊಳ್ಳೋದು ಬೇಡ, ಇಲ್ಲೇ ಎರಡು ತಿಂಗಳು ಹಾಕಿ ಪಳಗಿಸ್ಲಿ. ಅಡ್ವಾನ್ಸ್ ಕೋರ್ಸಿಗೆ ಬೇಸಿಕ್‌ನಲ್ಲಿ ಎ ಗ್ರೇಡ್ ಕೇಳ್ತಾರೆ, ಆದ್ರೆ ಆ ಲೆಕ್ಕ ಈಗ್ಲೇ ತಲೆಗೆ ತಗೊಳ್ಳೋದು ಬೇಡ ಅಂತ ಹೇಳ್ರಿ. ಬ್ಯಾಚ್ ಬೇಗ ತುಂಬ್ತವೆ, ರಕ್ತದ ರಿಪೋರ್ಟ್ ಬಂದ ಮೇಲೆ ಮನೆಯವರನ್ನೂ ಕೂರಿಸ್ಕೊಂಡು ತಾರೀಕು ನೋಡ್ರಿ. ಬ್ಯಾಗ್, ರೇನ್ ಜಾಕೆಟ್ ನನ್ನತ್ರ ಇದಾವೆ, ಕೊಂಡುಕೊಳ್ಳೋಕೆ ಹೋಗ್ಬೇಡ್ರಿ.